ತಪ್ಪು ಮಾಡಿದವ್ರು ಹೊಳ್ಳಿ ಬರಬಹುದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದ ಸಪ್ತಾಪುರದಾಗ ಒಂದು ರೀಡಿಂಗ್ ರೂಮ್ ನಡಸ್ತೇನಿ. ಅರವತ್ನಾಕು ಟೇಬಲ್, ಕೆಳಗ ಹುಡುಗ್ಯಾರ ಹಾಲ್, ಮ್ಯಾಲೆ ಹುಡುಗ್ರದು. ಮೊದ್ಲು ಹೈಸ್ಕೂಲಿನ್ಯಾಗ ಕಲಸ್ತಿದ್ದೆ, ಹಂಗಾಗಿ ಎಲ್ಲಾರೂ ಅಕ್ಕೋರ ಅಂತ ಕರೀತಾರ. ಗದಗ, ರೋಣ, ಹಾವೇರಿ, ಸವಣೂರು ಕಡೆಯಿಂದ ಬಂದ ಹುಡುಗ್ರು ಪಿಸಿ (ಪೊಲೀಸ್ ಕಾನ್‌ಸ್ಟೇಬಲ್), ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ವರ್ಷಾನುಗಟ್ಲೆ ಕುಂತು ಓದ್ತಾರ. 2022ರಾಗ ನಮ್ಮಲ್ಲೇ ಓದೋ ಒಬ್ಬ ಹುಡುಗನ ಮ್ಯಾಲೆ ಇಡೀ ಸಪ್ತಾಪುರ ಮುಗಿಬಿತ್ತು, ತಪ್ಪು ಅವಂದ ಇತ್ತು, ಆದ್ರೂ ನಾ ಅವನ್ನ ಕಾಯಂ ಹೊರಗ ಹಾಕ್ಲಿಲ್ಲ. ಅವತ್ತಿಂದ ಇವತ್ತಿನ ಮಟಾ ಹುಡುಗ್ರು, ಅವರ ಅವ್ವ-ಅಪ್ಪ, ಬಾಜು ಪಿಜಿ ನಡಸೋರು ಎಲ್ಲಾರೂ ಅದನ್ನ ತಿರುಗಿಸಿ ಮುರುಗಿಸಿ ಕೇಳ್ತಾರ. ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳೋದಕ್ಕಿಂತ ಪೂರ್ತಿ ಬರದು ಇಡೋದು ಚಲೋ ಅಂತ ಕುಂತೇನಿ.

ಅಕ್ಕೋರ, ಈ ‘ಕ್ಯಾನ್ಸಲ್’ ಅಂದ್ರ ಏನ್ರಿ? ಎಕ್ಸಾಮ್ ಕ್ಯಾನ್ಸಲ್ ಆಗೋದು ಗೊತ್ತು, ಮನಷ್ಯಾ ಹ್ಯಾಂಗ ಕ್ಯಾನ್ಸಲ್ ಆಗ್ತಾನ?

ಎಕ್ಸಾಮ್ ಕ್ಯಾನ್ಸಲ್ ಆಗೋ ಸಂಕಟ ನಿಮಗ ಗೊತ್ತಿದ್ದಷ್ಟು ಯಾರಿಗೆ ಗೊತ್ತೈತಿ. 545 ಪಿಎಸ್‌ಐ ಪೋಸ್ಟಿನ ಪರೀಕ್ಷೆ 2021ರ ಅಕ್ಟೋಬರ್‌ದಾಗ ಆತು, ಅಕ್ರಮ ಹೊರಗ ಬಂತು, 2022ರ ಏಪ್ರಿಲ್‌ದಾಗ ಇಡೀ ಪರೀಕ್ಷೆ ರದ್ದಾತು, ಮರುಪರೀಕ್ಷೆ ಬರೋದ್ರಾಗ 2024ರ ಜನವರಿ. ದುಡ್ಡು ಕೊಟ್ಟವ್ರ ಸಂಗಟ ಚಿಮಣಿ ಹಚ್ಚಿ ಓದಿದವ್ರೂ ಅನುಭವಿಸಿದ್ರು. ಆ ಸಂಕಟ ನೆನಪಿಟ್ಕೊಂಡ ಮುಂದಿಂದು ಓದ್ರಿ.

ಮನಷ್ಯಾನ್ನ ಕ್ಯಾನ್ಸಲ್ ಮಾಡೋದು ಅಂದ್ರ, ಒಬ್ಬ ತಪ್ಪು ಮಾಡ್ಯಾನ ಅಂತ ಗೊತ್ತಾದ ಕೂಡ್ಲೆ ಸಾವಿರಾರು ಮಂದಿ ಒಮ್ಮೆಲೆ ಅವನ ಹೆಸರು, ಫೋಟೋ ಹಂಚಿ, ಬೈದು, ಅವನ ಕೆಲಸ, ಕಾಲೇಜು, ವ್ಯಾಪಾರ, ಗೆಳೆತನ ಎಲ್ಲಾ ಕಡಿಯೋ ಹಂಗ ಮಾಡೋದು. ಆ ಮಾತು ಅಮೆರಿಕಾದ ಕಪ್ಪು ಜನಾಂಗದ ಹುಡುಗ್ರು ಟ್ವಿಟರ್‌ದಾಗ ‘ಇವನ ಸಹವಾಸ ಸಾಕು’ ಅನ್ನೋ ಅರ್ಥದಾಗ ಬಳಸಿ ಬಳಸಿ ಬೆಳದಿದ್ದು. 2017ರ ಅಕ್ಟೋಬರ್‌ದಾಗ ಹಾಲಿವುಡ್‌ದಾಗ ‘ನಂಗೂ ಲೈಂಗಿಕ ಕಿರುಕುಳ ಆಗೇತಿ’ ಅಂತ ಹೆಣ್ಮಕ್ಕಳು ಬಾಯಿಬಿಟ್ಟು ಹೇಳೋ ಮೀ ಟೂ ಎದ್ದ ಮ್ಯಾಲೆ ಜಗತ್ತೆಲ್ಲಾ ಹಬ್ಬಿತು, ಮುಂದಿನ ವರ್ಷ ಅದ ತಿಂಗಳದಾಗ ನಮ್ಮ ದೇಶಕ್ಕೂ ಬಂತು. ‘ಮೀ ಟೂ’ ಅನ್ನೋ ಎರಡು ಶಬ್ದಾನ ಮೊದ್ಲು ಹಿಡಕೊಂಡು ಕೆಲಸಾ ಮಾಡಿದಾಕಿ ತರಾನಾ ಬರ್ಕ್ ಅನ್ನೋ ಹೆಣ್ಮಗಳು, 2006ರಾಗ. ಆಕಿ ಮನಸ್ಸಿನ್ಯಾಗ ಇದ್ದಿದ್ದು ನೊಂದ ಹುಡುಗ್ಯಾರು ಒಬ್ಬರಿಗೊಬ್ಬರು ಆಸರ ಆಗೋದು. ಇದನ್ನ ಭಾಳ ಮಂದಿ ಮರ್ತಾರ.

ಬಹಿಷ್ಕಾರ ಮೊದಲಿಂದ ಇತ್ತಲ್ರಿ, ಇದ್ರಾಗ ಹೊಸಾದೇನೈತಿ ಅಂತ ನಮ್ಮ ಅಜ್ಜ ಅಂತಾನ. ಖರೇನ?

ಅಜ್ಜ ಹೇಳಿದ್ದು ಖರೇ ಐತಿ, ಆದ್ರ ಅರ್ಧ.

ನನ್ನ ತವರು ಶಿರಹಟ್ಟಿ ಕಡೆ ಒಂದು ಸಣ್ಣ ಊರು. ನಾ ಎಂಟೊಂಬತ್ತು ವರ್ಷದಾಕಿ ಇದ್ದಾಗ ಒಬ್ಬ ರೈತ ಬಾಜು ಹೊಲದ ಬದು ಒತ್ತಿದ್ದಕ್ಕ ಹಿರಿಯರು ಅವನ ಮನೀನ ಹೊರಗಿಟ್ಟಿದ್ರು. ಭಾವಿಗೆ ಬರಂಗಿಲ್ಲ, ಕಿರಾಣಿ ಅಂಗಡ್ಯಾಗ ಉಪ್ಪು ಸಿಗಂಗಿಲ್ಲ, ಮನ್ಯಾಗ ಸತ್ರ ಹೆಗಲು ಕೊಡೋರಿಲ್ಲ. ಒಂದು ಸುಗ್ಗಿ ಕಳೀತು. ಆಮ್ಯಾಲೆ ಅವ ಗುಡಿ ಕಟ್ಟಿ ಮುಂದ ಬಂದು ನಿಂತು ‘ಒತ್ತಿದ್ದು ಖರೇ’ ಅಂತ ಬಾಯಿಬಿಟ್ಟು ಹೇಳಿದ, ಒತ್ತಿದ ಸಾಲು ಬಿಟ್ಟುಕೊಟ್ಟ, ದಂಡ ಕಟ್ಟಿದ, ಊರಿಗೆ ಊಟಾ ಹಾಕಿದ. ಯಾರ ಹೊಲಾ ಹೋಗಿತ್ತೋ ಅವನ ಬಾಜುಕನ ಪಂಕ್ತಿಯೊಳಗ ಅವನ್ನ ಕೂಡ್ಸಿದ್ರು. ಮರುದಿನದಿಂದ ಆ ಮಾತು ಎತ್ತಿದವ್ರಿಗೆ ನಮ್ಮ ಅಜ್ಜನ ಬೈತಿದ್ದ, ‘ಮುಗದದ್ದು ಮುಗೀತು’ ಅಂತ.

ಇದನ್ನ ಹೇಳಿದ್ರ ಹಳೇದೆಲ್ಲಾ ಬಂಗಾರ ಅಂತ ತಿಳಕೋಬ್ಯಾಡ್ರಿ. ಅದ ಕಟ್ಟಿ, ಅದ ಹಿರಿಯರು, ಬ್ಯಾರೆ ಜಾತಿ ಹುಡುಗನ್ನ ಮದುವಿ ಆದ ಒಬ್ಬಾಕಿ ಮನೀಗೂ ಅದ ಶಿಕ್ಷಾ ಕೊಟ್ರು, ಆಕಿ ಯಾರ ಬದೂನೂ ಒತ್ತಿರಲಿಲ್ಲ. ಆಕಿಗೆ ಹೊಳ್ಳಿ ಬರೋ ದಾರಿನೂ ಇರಲಿಲ್ಲ, ಯಾಕಂದ್ರ ಒಪ್ಕೊಳ್ಳಾಕ ತಪ್ಪೇ ಇರಲಿಲ್ಲ. ಇಂಥಾ ಅನ್ಯಾಯ ಎಷ್ಟು ಆಗೇತಿ ಅಂದ್ರ ಬಾಜು ಮಹಾರಾಷ್ಟ್ರ 2016ರಾಗ ಸಾಮಾಜಿಕ ಬಹಿಷ್ಕಾರದ ವಿರುದ್ಧನ ಒಂದು ಕಾಯ್ದೆ ಮಾಡಬೇಕಾತು.

ಇನ್ನೊಂದು ನಮ್ಮ ಕಣ್ಣ ಮುಂದಿಂದ. ಹುಬ್ಬಳ್ಳ್ಯಾಗ, ಗದಗ-ಬೆಟಗೇರ್ಯಾಗ ‘ಸೆಟ್ಲಮೆಂಟ್’ ಅನ್ನೋ ಏರಿಯಾ ಗೊತ್ತಲ್ಲ? ಆ ಹೆಸರು ಎಲ್ಲಿಂದ ಬಂತು ಅಂತ ನಮ್ಮ ಕೆಎಎಸ್ ಓದೋ ಹುಡುಗ್ರಿಗೂ ಗೊತ್ತಿರಂಗಿಲ್ಲ. 1871ರಾಗ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಕೆಲವು ಜನಾಂಗದವ್ರು ಹುಟ್ಟಿನಿಂದ ಕಳ್ಳರು ಅಂತ ಪಟ್ಟಿ ಮಾಡಿದ್ರು, ಮುಂದ ಅವರನ್ನ ತಂದು ಕಾವಲಿನ್ಯಾಗ ಇಟ್ಟ ಜಾಗಾನ ಸೆಟ್ಲಮೆಂಟು, ಹಾಜರಿ ಹಾಕಬೇಕು, ಊರು ಬಿಡಬೇಕಂದ್ರ ಪರವಾನಗಿ ಬೇಕು. ಅಲ್ಲಿ ಹುಟ್ಟಿದ ಕೂಸಿಗೂ ಅದ ಹಣೆಪಟ್ಟಿ. ಸ್ವಾತಂತ್ರ್ಯ ಬಂದು ಐದು ವರ್ಷಕ್ಕ, 1952ರಾಗ, ಆ ಕಾಯ್ದೆ ಹೋತು, ‘ವಿಮುಕ್ತ’ ಅಂತ ಕರದ್ರು. ಆದ್ರೂ ಅಡ್ರೆಸ್ ಕೇಳಿದಾಗ ಸೆಟ್ಲಮೆಂಟ್ ಅಂದ್ರ ರೂಮ್ ಬಾಡಿಗಿ ಕೊಡೋರ ಮಾರಿ ಇವತ್ತೂ ಬದಲಾಗ್ತೈತಿ, ನಾನ ನೋಡೇನಿ. ಕಾಗದದ ಮ್ಯಾಲಿನ ಹಣೆಪಟ್ಟಿ ತಗದು ಎಪ್ಪತ್ತು ವರ್ಷ ದಾಟಿದ್ರೂ ಮಂದಿ ಬಾಯಾಗಿಂದು ಹೋಗಿಲ್ಲ, ಅದೂ ಏನೂ ಮಾಡದವ್ರದು.

ಅಜ್ಜನ ಕಾಲಕ್ಕೂ ಈಗಿಂದಕ್ಕೂ ಫರಕು ಇಲ್ಲೇ ಐತಿ. ಕಟ್ಟಿ ಮ್ಯಾಲಿನ ಹಿರಿಯರಿಗೆ ಮಾರಿ ಇತ್ತು, ಅವರ ಮುಂದ ಹೋಗಿ ನಿಂದರಬಹುದಿತ್ತು, ದಂಡ ಕಟ್ಟಿದ್ರ ತೀರ್ತಿತ್ತು. ಫೋನಿನ್ಯಾಗ ಹೊರಗ ಹಾಕಿದವ್ರು ಯಾರು, ಯಾರ ಮುಂದ ಹೋಗಿ ನಿಂದರಬೇಕು, ಎಷ್ಟು ಕಟ್ಟಿದ್ರ ತೀರ್ತೈತಿ, ಒಂದೂ ಗೊತ್ತಾಗಂಗಿಲ್ಲ.

ಹಂಗಾರ ಹೆಣ್ಮಕ್ಕಳು ಹೆಸರು ಹಾಕಿ ಬರೀಬಾರ್ದೇನು? ಸುಮ್ನ ಕುಂದ್ರಬೇಕೇನು?

ಬ್ಯಾಡ ಬ್ಯಾಡ, ಸುಮ್ನ ಕುಂದ್ರಬ್ಯಾಡ್ರವಾ. ನಾ ಇಪ್ಪತ್ತು ವರ್ಷ ಸ್ಟಾಫ್ ರೂಮಿನ್ಯಾಗ ಕುಂತಾಕಿ, ಯಾರ ಬಾಜು ಕುರ್ಚಿ ಹಾಕ್ಕೋಬಾರ್ದು ಅಂತ ಹೊಸಾ ಟೀಚರಿಗೆ ನಾವು ಪಿಸುಮಾತಿನ್ಯಾಗ ಹೇಳ್ತಿದ್ವಿ. ಅಷ್ಟ ನಮ್ಮ ಕಡೆ ಇದ್ದ ದಾರಿ. ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು 1997ರಾಗ ಬಂತು, ಕೆಲಸದ ಜಾಗಾದಾಗಿನ ಲೈಂಗಿಕ ಕಿರುಕುಳದ ಕಾಯ್ದೆ ಆಗೋದ್ರಾಗ 2013. ಹತ್ತು ಮಂದಿ ಇದ್ದಲ್ಲೆಲ್ಲಾ ಒಳಗಿನ ದೂರು ಸಮಿತಿ ಇರಬೇಕು ಅಂತ ಐತಿ, ಎಷ್ಟು ಕಡೆ ಐತಿ ನೀವ ನೋಡ್ರಿ. ದೂರು ಕೊಡಾಕ ಮೂರು ತಿಂಗಳು, ಕಾರಣ ಇದ್ರ ಇನ್ನ ಮೂರು. ಅಂಜಿ ಕುಂತಾಕಿಗೆ ಆರು ತಿಂಗಳು ಯಾವ ಲೆಕ್ಕ.

ತನಗಾದ ಲೈಂಗಿಕ ಕಿರುಕುಳದ ಬಗ್ಗೆ ಬರದ ಪತ್ರಕರ್ತೆ ಪ್ರಿಯಾ ರಮಣಿ ಅವರ ಮ್ಯಾಲೆ ಹಾಕಿದ್ದ ಮಾನಹಾನಿ ಕೇಸಿನ್ಯಾಗ 2021ರ ಫೆಬ್ರವರಿ 17ಕ್ಕ ದಿಲ್ಲಿ ಕೋರ್ಟು ಅವರನ್ನ ಖುಲಾಸೆ ಮಾಡ್ತು, ನೊಂದ ಹೆಣ್ಮಗಳು ತನಗ ಬೇಕಾದ ವೇದಿಕೆ ಮ್ಯಾಲೆ, ದಶಕಗಳು ಕಳದ ಮ್ಯಾಲೂ ತನ್ನ ನೋವು ಹೇಳಬಹುದು ಅಂತು. ನಾ ಆ ಮಾತಿಗೆ ಪೂರ್ತಿ ಒಪ್ತೇನಿ. ನೊಂದಾಕಿ ಹೇಳೋದು ಬ್ಯಾರೆ. ಆಕಿ ಯಾರು ಅಂತನೂ ಗೊತ್ತಿಲ್ದ ಹತ್ತು ಸಾವಿರ ಮಂದಿ ಆಕಿ ಹೆಸರಿನ್ಯಾಗ ತಮ್ಮ ಸಿಟ್ಟು ತೀರಿಸ್ಕೊಳ್ಳೋದು ಬ್ಯಾರೆ. ನಂದೇನಿದ್ರೂ ತಕರಾರು ಈ ಎರಡನೇದರ ಮ್ಯಾಲೆ.

ನಿಮ್ಮ ರೀಡಿಂಗ್ ರೂಮಿನ ಆ ಹುಡುಗ ಏನು ಮಾಡಿದ್ದ? ಅವನ್ನ ಯಾಕ ಹೊರಗ ಹಾಕ್ಲಿಲ್ಲ?

ಇದ ಎಲ್ಲಾರೂ ಕೇಳೋದು, ಹಂಗಾಗಿ ಉದ್ದ ಆದ್ರೂ ಹೇಳ್ತೇನಿ. ಊರು, ಹೆಸರು ಬಿಟ್ಟು.

ಇಪ್ಪತ್ತೊಂದು ವರ್ಷದ ಹುಡುಗ, ಅಪ್ಪಂದು ಮೂರೆಕರೆ ಎರಿ ಹೊಲ, 27ನೇ ಟೇಬಲ್. ಇವನೂ ಇನ್ನಿಬ್ರೂ ಕೂಡಿ ಇನ್‌ಸ್ಟಾಗ್ರಾಮ್‌ದಾಗ ಹೆಸರಿಲ್ದ ಒಂದು ಪೇಜ್ ಮಾಡಿ, ಬಸ್‌ಸ್ಟಾಪಿನ್ಯಾಗ, ಚಾದಂಗಡಿ ಮುಂದ ನಿಂತ ಹುಡುಗ್ಯಾರ ಫೋಟೋ ಕದ್ದು ಹೊಡದು, ಹೊಲಸು ಹೊಲಸು ಸಾಲು ಬರದು ಹಾಕ್ತಿದ್ರು. ಬರೆಯೋ ಕೆಲಸ ಇವಂದು. ಅದ್ರಾಗ ಒಬ್ಬಾಕಿ ಹುಡುಗಿ, ಆಕಿನೂ ಇಲ್ಲೇ ಕೋಚಿಂಗಿಗೆ ಬಂದಾಕಿ, ಫೋಟೋ ನೋಡಿ ಹದಿನೈದು ದಿನ ರೂಮ್ ಬಿಟ್ಟು ಹೊರಗ ಬರ್ಲಿಲ್ಲ. ಆಮ್ಯಾಲೆ ಧೈರ್ಯ ಮಾಡಿ ಗೆಳತ್ಯಾರ ಜೋಡಿ ಹುಡುಕಿ ಇವನ್ನ ಹಿಡದು, ಸ್ಕ್ರೀನ್‌ಶಾಟ್ ಹಾಕಿ ‘ಇವನ ಅವ’ ಅಂತ ಬರದ್ಲು. ಭೇಷ್ ಮಾಡಿದ್ಲು ಅಂತ ಇವತ್ತಿಗೂ ಅಂತೇನಿ.

ಅವನ ಹೆಸರು ಹೊರಗ ಬರೋಕಿಂತ ಮೊದ್ಲ ಆ ಪೇಜಿನ ಒಂದು ಸ್ಕ್ರೀನ್‌ಶಾಟ್ ನಂಗೂ ಬಂದಿತ್ತು, ನಮ್ಮ ಹಳೇ ಟೀಚರ್ಸ್ ಗ್ರೂಪಿಗೆ ‘ಇಂಥವ್ರನ್ನ ಊರು ಬಿಡಿಸಬೇಕು’ ಅಂತ ಬರದು ಫಾರ್ವರ್ಡ್ ಮಾಡಿದ್ದೆ. ಆ ಹುಡುಗಿ ಮಾರಿ ಅದರಾಗ ಇತ್ತು. ಮುಚ್ಚಿ ಕಳಸಬೇಕು ಅಂತ ನಂಗ ಹೊಳೀಲೇ ಇಲ್ಲ. ಈ ತಪ್ಪು ನಂದು, ಮುಂದ ಆಕಿ ಮುಂದ ಕುಂತು ಒಪ್ಕೊಂಡೆ.

ಎರಡು ದಿನದಾಗ ಅದು ಆಕಿ ಕೈ ಮೀರಿ ಹೋತು. ಯಾರೋ ಅವನ ಅಪ್ಪನ ನಂಬರ್ ಹಾಕಿದ್ರು, ಯಾರೋ ಊರಿನ ಹೆಸರು ಹಾಕಿದ್ರು, ಆಮ್ಯಾಲೆ ಪಿಯುಸಿ ಓದೋ ಅವನ ತಂಗಿ ಫೋಟೋ ಹಾಕಿ ಆಕಿಗೆ ಏನೇನು ಮಾಡ್ತೀವಿ ಅಂತ ಬರದ್ರು. ನಾ ಓದೇನಿ ಅವನ್ನೆಲ್ಲಾ. ಇವ ಬರದಿದ್ದಕ್ಕಿಂತ ಹೊಲಸ ಇದ್ವು, ಬರದವ್ರು ಹೆಣ್ಮಕ್ಕಳ ಮಾನದ ಸಲುವಾಗಿ ಹೊಡದಾಡಾಕತ್ತೇವಿ ಅಂತ ತಿಳಕೊಂಡಿದ್ರು. ಎತ್ತಿಗೆ ಜ್ವರಾ ಬಂದ್ರ ಎಮ್ಮಿಗೆ ಬರಿ ಹಾಕಿದ್ರು ಅಂತಾರಲ್ಲ, ಆ ಗಾದಿ ಮಾತು ಅವತ್ತು ನನ್ನ ಎದಿಗೆ ಚುಚ್ಚಿತು. ಆ ತಂಗಿ ಒಂದು ತಿಂಗಳು ಕಾಲೇಜಿಗೆ ಹೋಗ್ಲಿಲ್ಲ.

ಅದನ್ನ ಕೇಳಿ ಮೊದ್ಲು ಅತ್ತಾಕಿ ಯಾರು ಗೊತ್ತೇನ್ರಿ? ದೂರು ಹೇಳಿದ ಹುಡುಗಿ. ‘ಅಕ್ಕೋರ, ನಾ ಇದನ್ನ ಕೇಳಿರ್ಲಿಲ್ಲ, ನಂಗ ಇದು ಬ್ಯಾಡಾಗಿತ್ತು’ ಅಂದ್ಲು. ಪೊಲೀಸ್ ಕಂಪ್ಲೇಂಟ್ ಕೊಡೋದಿದ್ರ ಸ್ಟೇಶನ್ನಿಗೆ ನಾ ಬರ್ತೇನಿ, ಸಾಕ್ಷಿ ಹೇಳ್ತೇನಿ ಅಂದೆ. ಆಕಿ ಎರಡು ದಿನ ವಿಚಾರ ಮಾಡಿ ತನಗ ಏನು ಬೇಕು ಅಂತ ಹೇಳಿದ್ಲು. ಎಲ್ಲಾ ಫೋಟೋ ತನ್ನ ಗೆಳತಿ ಮುಂದ ಡಿಲೀಟ್ ಆಗಬೇಕು, ಮೂರೂ ಫೋನಿಂದ. ಏನು ಮಾಡ್ಯಾನ ಅಂತ ಅವ ಕೈಯಾರೆ ಬರೀಬೇಕು, ಅದು ಅದ ಪೇಜಿನ್ಯಾಗ ಒಂದು ತಿಂಗಳು ಇರಬೇಕು, ಆಮ್ಯಾಲೆ ಪೇಜ್ ಬಂದ್. ತಾನು ಬರೋ ಹೊತ್ತಿಗೆ ಆ ರಸ್ತಾದಾಗ ಅವ ಕಾಣಬಾರ್ದು. ಕೈಬರಹದ ಕಾಗದ ತನ್ನ ಕಡೆ ಇರ್ತೈತಿ, ಮನಸ್ಸಾದಾಗ ಸ್ಟೇಶನ್ನಿಗೆ ಕೊಡ್ತೇನಿ. ಇಷ್ಟ.

ಅವ ಎಲ್ಲಾ ಮಾಡಿದ. ಮೊದಲ್ನೇ ಸಲ ಬರದ ಕಾಗದದಾಗ ‘ಯಾರಿಗಾದ್ರೂ ಬ್ಯಾಸರ ಆಗಿದ್ರ’ ಅಂತ ಇತ್ತು, ಹರದು ಹಾಕಿ ಹೊಳ್ಳಿ ಬರಿ ಅಂದೆ. ನಾಕು ಸಲ ಬರದ. ಎರಡು ತಿಂಗಳು ರೂಮಿಗೆ ಬರಬ್ಯಾಡ ಅಂದೆ, ಊರಿಗೆ ಹೋಗಿ ಅಪ್ಪನ ಜೋಡಿ ಹೊಲಾ ಮಾಡಿದ. ಆಕಿಗೆ ತಿಳಿಸಿ, ಆಕಿ ಹೂಂ ಅಂದ ಮ್ಯಾಲೆ ರಾತ್ರಿ ಪಾಳಿಗೆ, ನನ್ನ ಟೇಬಲ್ ಎದುರಿಗೆ ಕೂಡ್ಸಿದೆ. ನಾಕು ಹುಡುಗ್ರು ಅವ ಇದ್ರ ನಾವಿರಂಗಿಲ್ಲ ಅಂತ ಬಿಟ್ಟು ಹೋದ್ರು, ಅವರ ಮ್ಯಾಲೆ ನಂಗ ಸಿಟ್ಟಿಲ್ಲ. ಪೇಜಿನ ಉಳಿದಿಬ್ರು? ಅವರ ಹೆಸರು ಹೊರಗ ಬರ್ಲೇ ಇಲ್ಲ, ಫೋನ್ ತೋರ್ಸಿ ಡಿಲೀಟ್ ಮಾಡಿ ಆರಾಮ ಓದ್ಕೋತ ಕುಂತ್ರು. ಮಂದಿ ಒಬ್ಬನ್ನ ಆರಿಸಿ ಎಲ್ಲಾರ ಪಾಲು ಅವನ ಮ್ಯಾಲೆ ಹಾಕ್ತೈತಿ, ಇದೂ ಗೊತ್ತಿರ್ಲಿ.

ಯಾಕ ಹೊರಗ ಹಾಕ್ಲಿಲ್ಲ ಅಂದ್ರ, ಹೊರಗ ಹಾಕಿದ್ರ ಅವ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಹೆಸರು ಬದಲಿಸಿ ಇನ್ನೊಂದು ಪೇಜ್ ಮಾಡ್ತಿದ್ದ, ಮಾಡಿದ್ದು ಏನಂತ ಒಂದು ಸಲಾನೂ ಬಾಯಿಬಿಟ್ಟು ಹೇಳ್ದ.

ಸಾರಿ ಅಂತ ವಿಡಿಯೋ ಹಾಕಿದ್ರ ಸಾಲಂಗಿಲ್ಲೇನು?

ಸಾಲಂಗಿಲ್ಲ. ಕ್ಯಾಮೆರಾ ಮುಂದ ಕೈ ಮುಗಿಯೋದು ಮಂದೀಗೆ ಮಾಡಿದ ನಮಸ್ಕಾರ, ನೊಂದವ್ರಿಗೆ ಅಲ್ಲ. ನಾ ಏನು ಮಾಡಿದೆ, ಯಾರಿಗೆ ಮಾಡಿದೆ, ಏನು ತುಂಬಿ ಕೊಡ್ತೇನಿ, ಈ ಮೂರೂ ಇಲ್ಲದ ಸಾರಿ ಬರೇ ಗಾಳಿ. ‘ನಂಗ ತಪ್ಪು ತಿಳಕೊಂಡಾರ’, ‘ಹಿತಶತ್ರುಗಳು ಮಾಡ್ಯಾರ’ ಅಂತ ಒಂದು ಸಾಲು ಬಂತಂದ್ರ ಅಲ್ಲಿಗೆ ಮುಗೀತು. ಇನ್ನೊಂದು, ಮಾಫಿ ಕೇಳಾಕ ಸೀದಾ ಆಕಿ ಮನಿ ಬಾಗಿಲಿಗೆ ಹೋಗಬ್ಯಾಡ್ರಿ, ಅದು ಎರಡನೇ ಸಲ ಅಂಜಿಸಿದಂಗ. ನಡುವ ಒಬ್ಬರು ನಂಬಿಗಸ್ತರು ಇರಬೇಕು, ಆಕಿ ಬ್ಯಾಡ ಅಂದ್ರ ಹೊಳ್ಳಿ ಬರಬೇಕು.

ದೊಡ್ಡ ಮಂದಿಗೆ ಸೆಕೆಂಡ್ ಚಾನ್ಸ್ ಲಗೂನ ಸಿಗ್ತೈತಿ, ನಮ್ಮಂಥವ್ರಿಗೆ ಯಾಕ ಇಲ್ಲ?

ಈ ಪ್ರಶ್ನಿ ಕೇಳಿದ ಹುಡುಗ ಕ್ರಿಕೆಟ್ ಹುಚ್ಚ, ಹಂಗಾಗಿ ಅವಗ ಕ್ರಿಕೆಟ್‌ದಾಗ ಹೇಳಿದೆ. ನಮ್ಮ ಕೆ.ಎಲ್. ರಾಹುಲ್, ಹಾರ್ದಿಕ್ ಪಾಂಡ್ಯ 2019ರ ಜನವರಿಯೊಳಗ ಟಿವಿ ಶೋದಾಗ ಹೆಣ್ಮಕ್ಕಳ ಬಗ್ಗೆ ಆಡಿದ ಮಾತಿನ ಸಲುವಾಗಿ ಆಸ್ಟ್ರೇಲಿಯಾದಿಂದ ಹೊಳ್ಳಿ ಬರಬೇಕಾತು. ಸುಮಾರು ಎರಡು ವಾರ ಸಸ್ಪೆನ್ಶನ್, ಆಮ್ಯಾಲೆ ಏಪ್ರಿಲ್‌ದಾಗ ಇಬ್ರಿಗೂ 20 ಲಕ್ಷ ದಂಡ. ಅದ್ರಾಗ 10 ಲಕ್ಷ ಹುತಾತ್ಮ ಅರೆಸೇನಾ ಪಡೆ ಜವಾನರ ಮನೆಯವ್ರಿಗೆ, 10 ಲಕ್ಷ ಅಂಧರ ಕ್ರಿಕೆಟ್‌ಗೆ. ಇಬ್ರೂ ಇವತ್ತೂ ಆಡಾಕತ್ಯಾರ. 2018ರಾಗ ಕೇಪ್‌ಟೌನ್‌ದಾಗ ಚೆಂಡಿಗೆ ಸ್ಯಾಂಡ್‌ಪೇಪರ್ ಉಜ್ಜಿದ ಕೇಸಿನ್ಯಾಗ ಆಸ್ಟ್ರೇಲಿಯಾದ ಸ್ಮಿತ್, ವಾರ್ನರ್‌ಗೆ ಹನ್ನೆರಡು ತಿಂಗಳು ನಿಷೇಧ, ಬ್ಯಾಂಕ್ರಾಫ್ಟ್‌ಗೆ ಒಂಬತ್ತು. ಪಾಕಿಸ್ತಾನದ ಮೊಹಮ್ಮದ್ ಆಮಿರ್ 2010ರಾಗ ಹದಿನೆಂಟು ವರ್ಷದವ, ದುಡ್ಡು ತೊಗೊಂಡು ನೋಬಾಲ್ ಹಾಕಿದ, ಐದು ವರ್ಷ ನಿಷೇಧ, ಇಂಗ್ಲೆಂಡಿನ್ಯಾಗ ಜೈಲು. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ದಾಗ ರೋಹಿತ್, ಕೊಹ್ಲಿ, ಧವನ್ ಮೂರೂ ಮಂದೀನ ಔಟ್ ಮಾಡಿದವ ಅವನ.

ಇಲ್ಲೆಲ್ಲಾ ಶಿಕ್ಷಾ ಹಗುರ ಆತೋ ಭಾರ ಆತೋ ಅದು ಬ್ಯಾರೆ ಮಾತು. ಕೊಡೋರು ಯಾರು ಅಂತ ಗೊತ್ತಿತ್ತು, ಮುಗಿಯೋ ತಾರೀಖು ಗೊತ್ತಿತ್ತು. ಆದ್ರ 2013ರ ಡಿಸೆಂಬರ್‌ದಾಗ ನ್ಯೂಯಾರ್ಕಿನ ಒಬ್ಬ ಹೆಣ್ಮಗಳು ಆಫ್ರಿಕಾ ಬಗ್ಗೆ ಒಂದು ಕೆಟ್ಟ ಟ್ವೀಟ್ ಹಾಕಿ ಲಂಡನ್ನಿಂದ ಕೇಪ್‌ಟೌನ್ ವಿಮಾನ ಹತ್ತಿದ್ಲು, ಹನ್ನೊಂದು ತಾಸು ಫೋನ್ ಬಂದ್, ಇಳಿಯೋದ್ರಾಗ ಜಗತ್ತೆಲ್ಲಾ ಆಕಿ ಹೆಸರು, ಕೆಲಸಾನೂ ಹೋತು. ಆಕಿಗೆ ಇನ್ನೂರು ಫಾಲೋವರ್ಸ್ ಸುದ್ದಾ ಇರ್ಲಿಲ್ಲ. ದೊಡ್ಡವ್ರ ಹಿಂದ ಬೋರ್ಡ್ ಇರ್ತೈತಿ, ವಕೀಲರು, ದುಡ್ಡು ಇರ್ತಾವ, ಎರಡು ಸೆಂಚುರಿ ಹೊಡದ್ರ ಮಂದಿ ಮರೀತಾರ. ಬಿದ್ದೋನಿಗೆ ಆಳಿಗೊಂದು ಕಲ್ಲು ಅನ್ನೋದು ಸಣ್ಣವ್ರಿಗೆ ಬರದಿಟ್ಟಂಗ ಆಗೇತಿ.

ಎಲ್ಲಾ ತಪ್ಪಿಗೂ ಸೆಕೆಂಡ್ ಚಾನ್ಸ್ ಇರಬೇಕೇನ್ರಿ? ಹೆಣ್ಣಿನ ಮೈಮ್ಯಾಲೆ ಕೈ ಹಾಕಿದವಗೂ?

ಬದುಕೋದಕ್ಕ ಅವಕಾಶ ಬ್ಯಾರೆ, ಅದ ಕುರ್ಚಿ ಮ್ಯಾಲೆ ಹೊಳ್ಳಿ ಕುಂದ್ರೋ ಅವಕಾಶ ಬ್ಯಾರೆ. ಮಕ್ಕಳಿಗೆ ಕೆಟ್ಟದ್ದು ಮಾಡಿದ ಮಾಸ್ತರ ಜೈಲು ಮುಗಿಸಿ ಬಂದು ಹೊಲಾ ಮಾಡ್ಲಿ, ಅಂಗಡಿ ಹಾಕ್ಲಿ, ಉಣ್ಣಲಿ. ಕ್ಲಾಸಿನ ಬಾಗಿಲಿಗೆ ಮಾತ್ರ ಜೀವಮಾನದಾಗ ಬರಬಾರ್ದು. ಅತ್ಯಾಚಾರ, ಕೊಲೆ ಇಂಥಾವು ಕೋರ್ಟಿನ ಕೆಲಸ, ಅಲ್ಲಿ ‘ಹೋಗ್ಲಿ ಬಿಡ್ರಿ ಹುಡುಗ’ ಅಂತ ಹಿರಿಯರು ಕುಂತು ಮುಗಿಸಬಾರ್ದು, ಹಂಗ ಮುಗಿಸಿದ್ದು ನಾ ಎಷ್ಟೋ ನೋಡೇನಿ, ಒಂದೊಂದೂ ನೆನಸಿದ್ರ ಹೊಟ್ಟಿ ಉರೀತೈತಿ. ಮಾಡಿದ್ದು ಒಂದು ಸಲಾನೋ ಇಲ್ಲಾ ಚಟಾನೋ, ಹಿಡಿಯೋಕಿಂತ ಮೊದ್ಲು ಒಪ್ಕೊಂಡ್ನೋ ಹಿಡದ ಮ್ಯಾಲೋ, ತನ್ನ ಕೈಕೆಳಗಿನವ್ರಿಗೆ ಮಾಡಿದ್ನೋ, ಇವನ್ನೆಲ್ಲಾ ನೋಡ್ಬೇಕು. ಹದಿನೇಳು ವರ್ಷದ ಹುಡುಗ ಮಾಡಿದ್ದನ್ನೂ ನಲವತ್ತೈದು ವರ್ಷದ ಮ್ಯಾನೇಜರ್ ಮಾಡಿದ್ದನ್ನೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ.

ನೊಂದಾಕಿ ಕ್ಷಮಾ ಮಾಡ್ಲೇಬೇಕೇನು?

ಇಲ್ಲ. ಅವ ಎಷ್ಟ ಬದಲಾಗ್ಲಿ, ಆಕಿ ಕ್ಷಮಿಸೋದು ಬಿಡೋದು ಆಕಿಗೆ ಬಿಟ್ಟಿದ್ದು. ನಮ್ಮ ಕಡೆ ‘ಹೆಣ್ಮಗಳು ತಗ್ಗಿ ನಡೀಬೇಕವಾ, ದೊಡ್ಡ ಮನಸ್ಸು ಮಾಡು’ ಅಂತ ಹೇಳಿ ಹೇಳಿ ಬಾಯಿ ಮುಚ್ಚಸ್ತಾರ. ಸೆಕೆಂಡ್ ಚಾನ್ಸ್ ಅನ್ನೋ ಹೆಸರಿನ್ಯಾಗ ಈ ಮಾತು ಬಂದ್ರ ನಾ ಅದಕ್ಕ ವಿರುದ್ಧ.

ಕಾನೂನಿನ್ಯಾಗ ಏನರ ಐತೇನು, ಹೊಳ್ಳಿ ಬರೋರಿಗೆ?

ಐತಿ, ಮಂದಿಗಿಂತ ಕಾನೂನಿಗೇ ದೊಡ್ಡ ಮನಸ್ಸೈತಿ ಅಂತ ಒಮ್ಮೊಮ್ಮೆ ಅನಸ್ತೈತಿ. 2015ರ ಬಾಲನ್ಯಾಯ ಕಾಯ್ದೆಯೊಳಗ ‘ಹೊಸಾ ಆರಂಭ’ ಅನ್ನೋದನ್ನ ಒಂದು ತತ್ವ ಅಂತ ಬರದಾರ, ಅದರ 24ನೇ ಕಲಂ ಪ್ರಕಾರ ಹದಿನೆಂಟರ ಒಳಗಿನವ್ರ ತಪ್ಪು ಮುಂದಿನ ನೌಕರಿಗೆ ಅನರ್ಹತೆ ಆಗಬಾರ್ದು, ದಾಖಲೆ ನಾಶ ಮಾಡ್ಬೇಕು, ಹದಿನಾರು ದಾಟಿ ಘೋರ ಅಪರಾಧ ಮಾಡಿದವ್ರದು ಬಿಟ್ಟು. 1958ರ ಪ್ರೊಬೇಶನ್ ಕಾಯ್ದೆಯೊಳಗ ಸಣ್ಣ ಅಪರಾಧಕ್ಕ ಜೈಲಿಗೆ ಕಳಸೋ ಬದ್ಲಿ ಎಚ್ಚರಿಕೆ ಕೊಟ್ಟೋ, ಚಲೋ ನಡತಿ ಮುಚ್ಚಳಿಕೆ ಬರಿಸ್ಕೊಂಡೋ ಬಿಡಬಹುದು. 2024ರ ಜುಲೈ 1ಕ್ಕ ಬಂದ ಭಾರತೀಯ ನ್ಯಾಯ ಸಂಹಿತೆಯೊಳಗ ಸಮುದಾಯ ಸೇವೆ ಅನ್ನೋ ಹೊಸಾ ಶಿಕ್ಷಾ ಐತಿ. ಐದು ಸಾವಿರಕ್ಕಿಂತ ಕಮ್ಮಿ ಕಳವು, ಮೊದಲ್ನೇ ಸಲ, ಮಾಲು ಹೊಳ್ಳಿ ಕೊಟ್ಟ ಅಂದ್ರ ಸಮುದಾಯ ಸೇವೆ. ನಮ್ಮೂರ ಕಟ್ಟಿ ಮ್ಯಾಲಿನ ದಂಡ ನೆನಪಾತು ನಂಗ, ಜಾತಿ ತಗದು ಇದ್ದದ್ದು.

ಪಿಸಿ ಸೆಲೆಕ್ಷನ್ ಆದ ಮ್ಯಾಲೆ ವೆರಿಫಿಕೇಶನ್‌ದಾಗ ಹಳೇ ಕೇಸ್ ಬಂದ್ರ? ಮುಚ್ಚಿಡಬೇಕೋ ಹೇಳಬೇಕೋ?

ಹೇಳ್ರಿ. ಹತ್ತು ಸಲ ಕೇಳಿದ್ರೂ ಅದ ಹೇಳ್ತೇನಿ. ಅವತಾರ್ ಸಿಂಗ್ ಕೇಸಿನ್ಯಾಗ 2016ರ ಜುಲೈದಾಗ ಸುಪ್ರೀಂ ಕೋರ್ಟಿನ ಮೂರು ಮಂದಿ ಪೀಠ ಇದನ್ನೆಲ್ಲಾ ಬಿಡಿಸಿ ಹೇಳೇತಿ. ಫಾರ್ಮಿನ್ಯಾಗ ಕೇಳಿದ್ದಕ್ಕ ಖರೇ ಬರೀಬೇಕು. ಹುಡುಗಾಟಕಿ ವಯಸ್ಸಿನ ಸಣ್ಣ ಕೇಸ್ ಇದ್ರ, ಘೋಷಣಾ ಕೂಗಿದಂಥಾದ್ದು, ಅದನ್ನ ಇಲಾಖೆ ಮನ್ನಿಸಬಹುದು. ಖರೇ ಬರದವಗೂ ನೌಕರಿ ಕೊಡ್ಲೇಬೇಕು ಅಂತಿಲ್ಲ, ಇಲಾಖೆ ನೋಡಿ ತೀರ್ಮಾನ ಮಾಡ್ತೈತಿ. ಆದ್ರ ಬೇಕಂತ ಮುಚ್ಚಿಟ್ಟು ಸಿಕ್ಕಿಬಿದ್ರ ಅದ ಒಂದು ಕಾರಣ ಆಗಿ ಕೈಗೆ ಬಂದಿದ್ದು ಹೋಗಬಹುದು. ನಾಕು ವರ್ಷ ಓದಿ, ಗ್ರೌಂಡ್ ಓಡಿ, ಕಡೀಕ ಒಂದು ಕಾಲಂನ್ಯಾಗ ಸುಳ್ಳು ಬರದು ಕಳಕೋಬ್ಯಾಡ್ರಪಾ. ವಕೀಲರಿಗೆ ತೋರ್ಸಿ ತುಂಬ್ರಿ.

ಗೂಗಲ್‌ದಾಗಿನ ಹಳೇ ಸುದ್ದಿ ತಗಸಬಹುದೇನು?

2014ರ ಮೇ 13ಕ್ಕ ಯುರೋಪಿನ ಕೋರ್ಟು, ಹಳೇದಾಗಿ ಅರ್ಥ ಕಳಕೊಂಡ ಮಾಹಿತಿ ತನ್ನ ಹೆಸರಿನ ಸರ್ಚ್‌ದಾಗ ಬರಬಾರ್ದು ಅಂತ ಗೂಗಲ್‌ಗೆ ಕೇಳಬಹುದು ಅಂತು. ನಮ್ಮ ಕರ್ನಾಟಕ ಹೈಕೋರ್ಟು 2017ರ ಜನವರಿಯೊಳಗ ಒಬ್ಬ ಹೆಣ್ಮಗಳ ಹೆಸರು ಆದೇಶದ ಶೀರ್ಷಿಕೆಯೊಳಗ ಕಾಣದಂಗ ಮಾಡ್ರಿ ಅಂತ ತನ್ನ ರಿಜಿಸ್ಟ್ರಿಗೇ ಹೇಳ್ತು. ಅದ ವರ್ಷ ಆಗಸ್ಟ್ 24ಕ್ಕ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ತೀರ್ಪು. ಆ ಕೇಸ್ ಹಾಕಿದ ಪುಟ್ಟಸ್ವಾಮಿ ಅವರು ಇದ ಹೈಕೋರ್ಟಿನ ನಿವೃತ್ತ ಜಡ್ಜ್ ಆಗಿದ್ರು, ಹೇಳಾಕ ಹೆಮ್ಮಿ ಅನಸ್ತೈತಿ. ದಾರಿ ಅದಾವ, ಆದ್ರ ಒಂದು ಅರ್ಜಿ ಕೊಟ್ಟ ಕೂಡ್ಲೆ ಅಳಿಸಿ ಹೋಗಂಗಿಲ್ಲ. ಅಧಿಕಾರದಾಗ ಇದ್ದವ ತನ್ನ ಹಗರಣ ಅಳಸಾಕ ಇದನ್ನ ಬಳಸಬಾರ್ದು ಅನ್ನೋ ಅಂಜಿಕಿ ನಂಗೂ ಐತಿ.

ನಾ ಬರೇ ಫಾರ್ವರ್ಡ್ ಮಾಡಿದ್ದೆ, ನನ್ನ ಮ್ಯಾಲೂ ಕೇಸ್ ಆಗ್ತೈತೇನು?

ಆಗಬಹುದು. ಆನ್‌ಲೈನ್‌ದಾಗ ಬರದಿದ್ದಕ್ಕ ಕೇಸ್ ಹಾಕ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಾಗ ರದ್ದಾದ ಮ್ಯಾಲೆ ಏನು ಹಾಕಿದ್ರೂ ನಡೀತೈತಿ ಅಂತ ಹುಡುಗ್ರು ತಿಳಕೊಂಡಾರ. ಮಾನಹಾನಿ ಈಗ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದ ಮಟಾ ಜೈಲು ಇಲ್ಲಾ ದಂಡ ಇಲ್ಲಾ ಸಮುದಾಯ ಸೇವೆ. ಅತ್ಯಾಚಾರಕ್ಕ ಒಳಗಾದಾಕಿ ಗುರುತು ಹೊರಗ ಹಾಕಿದ್ರ ಅಪರಾಧ, ಕೇಸಿನ್ಯಾಗಿನ ಸಣ್ಣ ಮಕ್ಕಳ ಹೆಸರು, ಫೋಟೋ, ಶಾಲಿ ಹಾಕೋದೂ ಅಪರಾಧ. ಕಾನೂನು ಒಂದು ಕಡೆ ಇರ್ಲಿ, ‘ನಾ ಬರೇ ಫಾರ್ವರ್ಡ್ ಮಾಡಿದ್ದೆ’ ಅಂತ ನಾನೂ ಅಂದಿದ್ದೆ, ಆ ಹುಡುಗಿ ಮುಂದ ಕುಂತಾಗ ಆ ಮಾತು ಬಾಯಿಂದ ಹೊರಗ ಬರ್ಲಿಲ್ಲ.

ಈಗ ನನ್ನ ಮ್ಯಾಲೆ ಹಿಂಗ ಮುಗಿಬಿದ್ದಾರ. ಏನು ಮಾಡ್ಲಿ?

ಮೊದ್ಲು ಒಬ್ಬನ ಇರಬ್ಯಾಡ. ರೂಮಿನ ಬಾಗಿಲಾ ಹಾಕ್ಕೊಂಡು ಕುಂದ್ರಬ್ಯಾಡ, ಅಕ್ಕಾನ ಮನಿಗೆ ಹೋಗು, ಗೆಳೆಯಾನ ಊರಿಗೆ ಹೋಗು, ಯಾರೂ ಇಲ್ಲಂದ್ರ ನಮ್ಮ ರೀಡಿಂಗ್ ರೂಮಿಗೆ ಬಾ. ಜೀವಕ್ಕ ಏನರ ಮಾಡ್ಕೋಬೇಕು ಅನಿಸಿದ್ರ 14416ಕ್ಕ ಫೋನ್ ಹಚ್ಚು, ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, ಕನ್ನಡದಾಗ ಮಾತಾಡ್ತಾರ, ರೊಕ್ಕಾ ಹತ್ತಂಗಿಲ್ಲ. ಇಲ್ಲೇ ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಆಸ್ಪತ್ರಿ ಐತಿ, ಅಲ್ಲಿಗೆ ಹೋಗೋದಕ್ಕ ನಾಚಿಕಿ ಬ್ಯಾಡ. ಧಮಕಿ ಬಂದಿದ್ರ ಸ್ಕ್ರೀನ್‌ಶಾಟ್ ತಗದಿಟ್ಟು ಸೈಬರ್ ಕ್ರೈಂ ಪೋರ್ಟಲ್‌ದಾಗ ಇಲ್ಲಾ ಸೈಬರ್ ಕೇಸ್ ನೋಡೋ ಸಿಇಎನ್ ಪೊಲೀಸ್ ಠಾಣೆಯೊಳಗ ದೂರು ಕೊಡು, ತಪ್ಪು ಮಾಡಿದವಗೂ ಆ ಹಕ್ಕು ಐತಿ. ಎದುರುತ್ತರ ಬರೀಬ್ಯಾಡ, ಒಂದು ವಾರ ಫೋನ್ ಮನೆಯವ್ರ ಕೈಯಾಗ ಕೊಡು. ಮಾಡಿದ್ದು ಖರೇ ಇದ್ರ ವಾರದ ಮ್ಯಾಲೆ ಪೆನ್ನು ಹಿಡಿ.

ಅಂಥಾ ಹುಡುಗ್ರು ಇರೋ ಜಾಗಕ್ಕ ನಮ್ಮ ಮಗಳನ್ನ ಹ್ಯಾಂಗ ಕಳಸೋದ್ರಿ ಅಕ್ಕೋರ?

ಹಾವೇರಿಯಿಂದ ಬಂದ ಒಬ್ಬ ತಾಯಿ ಇದನ್ನ ಕೇಳಿದಾಗ ನಾ ಅರ್ಧಾ ತಾಸು ಸುಮ್ನ ಆಕಿ ಹೇಳಿದ್ದು ಕೇಳಿದೆ, ಯಾಕಂದ್ರ ಆಕಿ ಅನ್ನೋದ್ರಾಗ ತಪ್ಪಿಲ್ಲ. ನಾ ಮುಚ್ಚಿಟ್ಟಿಲ್ಲ, ಸೇರಾಕ ಬಂದ ಎಲ್ಲಾರಿಗೂ ಇಂಥಾದ್ದು ಆಗಿತ್ತು, ಹಿಂಗ ಮಾಡೇವಿ ಅಂತ ಹೇಳ್ತೇನಿ. ಅವಾಗ ಇಬ್ರು ಹುಡುಗ್ಯಾರು ಬ್ಯಾಡ ಅಂತ ಹೋದ್ರು, ಡಿಪಾಜಿಟ್ ಪೂರ್ತಿ ಹೊಳ್ಳಿ ಕೊಟ್ಟೆ. ಹಾಲ್‌ದಾಗ ಫೋಟೋ ಹೊಡ್ಯೋದು ಬಂದ್, ಮೆಟ್ಲು ಬ್ಯಾರೆ ಬ್ಯಾರೆ, ದೂರು ಇದ್ರ ರಾತ್ರಿ ಹನ್ನೆರಡಕ್ಕೂ ನನ್ನ ಬಾಗಿಲಾ ಬಡೀಬಹುದು. ಇಷ್ಟು ಕೇಳಿಯೂ ಬ್ಯಾಡ ಅನಿಸಿದ್ರ ಬ್ಯಾರೆ ಚಲೋ ರೂಮ್ ನಾನ ತೋರಸ್ತೇನಿ.

ಆ ಹುಡುಗ ಈಗ ಎಲ್ಲಿ ಅದಾನ? ಬದಲಾಗ್ಯಾನೇನು?

ಪಿಸಿ ಆಗ್ಲಿಲ್ಲ, ಎರಡು ಸಲ ಫಿಸಿಕಲ್‌ದಾಗ ಹೋತು. ಈಗ ಊರಾಗ ಹೊಲದ ಜೋಡಿ ಒಂದು ಸಣ್ಣ ಝೆರಾಕ್ಸ್ ಅಂಗಡಿ ಹಾಕ್ಯಾನ. ವರ್ಷಕ್ಕೊಮ್ಮೆ ಶೇಂಗಾ ಚೀಲಾ ತೊಗೊಂಡು ಬರ್ತಾನ, ಬರೋಕಿಂತ ಮೊದ್ಲು ಫೋನ್ ಹಚ್ಚಿ ‘ಅಕ್ಕೋರ, ಆಕಿ ಧಾರವಾಡದಾಗ ಅದಾಳೇನ್ರಿ’ ಅಂತ ಕೇಳಿ, ಇಲ್ಲ ಅಂದ್ರ ಮಾತ್ರ ಬಸ್ ಹತ್ತತಾನ. ತಂಗಿ ಡಿಗ್ರಿ ಮುಗಿಸ್ಯಾಳ, ಅಣ್ಣನ ಜೋಡಿ ಇನ್ನೂ ಸರಿಯಾಗಿ ಮಾತಾಡಂಗಿಲ್ಲಂತ. ಹುಡುಗಿ ಎಫ್‌ಡಿಎ ಆಗಿ ನೌಕರಿ ಮ್ಯಾಲೆ ಅದಾಳ, ಹಬ್ಬಕ್ಕ ಬಂದಾಗ ನಮ್ಮ ಮನಿಗೆ ಬಂದು ಚಾ ಕುಡದು ಹೋಗ್ತಾಳ. ಆ ಕಾಗದ ಇನ್ನೂ ಆಕಿ ಕಡೇನ ಐತಿ. ಅವಗ ಕ್ಷಮಾ ಮಾಡಿದಿ ಏನವಾ ಅಂತ ನಾ ಒಂದು ಸಲಾನೂ ಕೇಳಿಲ್ಲ.